ಖಾನಾವಳಿಯ ಬೆಂಚು

ಬಿಸಿನೀರಿನ ಕೊಡ ಹಿಡಿದು ಬಂದ ಖಾನಾವಳಿಯ ಕೆಲಸದ ಹುಡುಗ ದುಂಡೇಶ ಬಚ್ಚಲ ಬಾಗಿಲಲ್ಲೇ ನಿಂತುಬಿಟ್ಟ. ಒಳಗೆ ಯಾರು ಹೋಗಬೇಕೆಂಬುದೇ ಇನ್ನೂ ತೀರ್ಮಾನವಾಗಿರಲಿಲ್ಲ. ಗಂಡಸು ಸತ್ತರೆ ಗಂಡಸರು, ಹೆಂಗಸು ಸತ್ತರೆ ಹೆಂಗಸರು ಮೈ ತೊಳೆಯುವುದು ಆ ಓಣಿಯ ರೂಢಿ. ಬೆಳಿಗ್ಗೆ ತೀರಿಕೊಂಡ ನಾಗು, ತಾನು ಎರಡೂ ಅಲ್ಲವೆಂದು ಮೂವತ್ತು ವರ್ಷದಿಂದ ಹೇಳುತ್ತ ಬಂದವರು. ಇಳಕಲ್ಲಿನ ಅರ್ಧ ಊರು ಅವರ ಕೈಯ ರೊಟ್ಟಿ ತಿಂದಿತ್ತು. ಅದೇ ಊರು ಈಗ ಹಿತ್ತಲಲ್ಲಿ ನಿಂತು ಮುಖ ಮುಖ ನೋಡಿಕೊಳ್ಳುತ್ತಿತ್ತು.

"ಹುಟ್ಟಿದಾಗ ಏನಿದ್ರೋ ಅದನ್ನ ನೋಡಿ ಮಾಡೂಣು," ಎಂದರು ಓಣಿಯ ಹಿರಿಯ ಚಂದಪ್ಪ. ಖಾನಾವಳಿಯಲ್ಲಿ ದಿನಾ ಉಣ್ಣುತ್ತಿದ್ದವರು ಅವರು.

ಭುವನೇಶ್ವರಿ ಬಚ್ಚಲ ಬಾಗಿಲಿಗೆ ಅಡ್ಡ ಬಂದು ನಿಂತಳು. ಅಣ್ಣ, ಅಕ್ಕ ಎರಡೂ ಬಿಟ್ಟು ನಾಗು ಎಂದೇ ಕರೆಯುತ್ತಿದ್ದ ತಂಗಿ ಅವಳು. ಹೋದ ವಾರ ದವಾಖಾನೆಯಲ್ಲಿ ಒಂದು ಮಾತು ಕೊಟ್ಟಿದ್ದಳು.

*

ವರ್ಷಗಳ ಹಿಂದೆ, ಗುಡೂರಿನ ಒಂದು ಮದುವೆ. ನಾಗು ಊಟಕ್ಕೆ ಕುಳಿತಾಗ ಗಂಡಸರು ಹೆಂಗಸರ ಸಾಲಿನತ್ತ ಕೈತೋರಿದರು, ಹೆಂಗಸರು ತಿರುಗಿ ಅತ್ತ ಕಳಿಸಿದರು. ನಾಗು ನಕ್ಕು ಸಾರಿನ ಬಕೆಟ್ ಎತ್ತಿಕೊಂಡು ಎರಡೂ ಸಾಲಿಗೆ ಬಡಿಸಿದರು. ಹಸಿದ ಹೊಟ್ಟೆಯಲ್ಲೇ ಮನೆಗೆ ಬಂದು ಅತ್ತರು.

ಮರುವರ್ಷ ಮನೆಯ ಮುಂದಿನ ಕೋಣೆಯಲ್ಲಿ ಖಾನಾವಳಿ ತೆರೆದು, ಗೋಡೆಯುದ್ದಕ್ಕೂ ಒಂದೇ ಬೆಂಚು ಹಾಕಿಸಿದರು. ಬಂದವರು ಬಂದ ಹಾಗೆ ಕೂರಬೇಕು. ತಾವು ಮಾತ್ರ ಒಂದು ದಿನವೂ ಅದರ ಮೇಲೆ ಕೂರಲಿಲ್ಲ. ಬಡಿಸುವುದು ಮುಗಿದ ಮೇಲೆ ಒಲೆಯ ಬದಿ ನಿಂತೇ ಉಣ್ಣುತ್ತಿದ್ದರು.

"ಸತ್ತ ಮ್ಯಾಲರೆ ಯಾರೂ ನನ್ನ ಆ ಕಡಿ ಈ ಕಡಿ ದೂಡಬಾರ್ದು, ಭುವಿ," ಎಂದಿದ್ದರು ದವಾಖಾನೆಯಲ್ಲಿ.

*

"ಕಾಕಾ, ನಾಗು ಹೆಂಗ ಬದುಕಿದ್ರು ಅದನ್ನ ನೋಡ್ರಿ," ಎಂದಳು ಭುವನೇಶ್ವರಿ. "ನಾನೂ ದುಂಡೇಶನೂ ಸೇರಿ ತೊಳೀತೇವಿ."

ಅಂತ್ಯಕ್ರಿಯೆ ಮಾಡಿಸಲು ಬಂದಿದ್ದ ಜಂಗಮ ರಾಚಯ್ಯನವರತ್ತ ಎಲ್ಲರೂ ನೋಡಿದರು.

"ಹೆಣ್ಣಿಗೂ ಗಂಡಿಗೂ ಕೊರಳಾಗ ಕಟ್ಟೂದು ಒಂದ ಲಿಂಗ," ಎಂದರು ಅವರು. "ನೀರು ಆರಾಕತ್ತೈತಿ. ಒಳಗ ಹೋಗ್ರಿ."

ತೊಳೆದಾಯಿತು. ವಿಭೂತಿ ಹಚ್ಚಿದ ನಾಗುವನ್ನು ರೂಢಿಯಂತೆ ಕೂರಿಸುವುದು ಎಲ್ಲಿ ಎಂದು ಭುವನೇಶ್ವರಿ ಯಾರನ್ನೂ ಕೇಳಲಿಲ್ಲ. ಖಾನಾವಳಿಯ ಬೆಂಚಿನ ನಡುವೆ, ಗೋಡೆಗೆ ಒರಗಿಸಿ ಕೂರಿಸಿದಳು.

ರೊಟ್ಟಿ ಬಡಿಯಲು ಬರುತ್ತಿದ್ದ ರೂಬಿ ಕಣ್ಣೊರೆಸಿಕೊಳ್ಳುತ್ತ ಹೋಗಿ ಒಂದು ಬದಿಗೆ ಕುಳಿತಳು. ಮಂದಿ ಒಬ್ಬೊಬ್ಬರಾಗಿ ಒಳಬಂದು, ಜಾಗ ಸಿಕ್ಕಲ್ಲಿ ಕೂರತೊಡಗಿದರು. ಚಂದಪ್ಪ ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದರು. ಅವರು ದಿನಾ ಕೂರುತ್ತಿದ್ದ ಜಾಗ ನಾಗುವಿನ ಪಕ್ಕದಲ್ಲೇ ಖಾಲಿಯಿತ್ತು. ಕೊನೆಗೆ ಬಂದು ಕುಳಿತರು.

ಭಜನೆ ಶುರುವಾದಾಗ ನಾಗುವಿನ ತಲೆ ಮೆಲ್ಲಗೆ ಅವರ ಕಡೆ ವಾಲಿತು. ಚಂದಪ್ಪ ಒಂದಿಷ್ಟು ಹತ್ತಿರ ಸರಿದು ಹೆಗಲು ಕೊಟ್ಟರು. ಭಜನೆ ಮುಗಿಯುವತನಕ ಅಲುಗಾಡಲಿಲ್ಲ.