ಆಟದ ನಡುವೆ ಕೂತ ಬೀಗರು

ಪುಣೆಯ ಭೋಸರಿಯಲ್ಲಿರುವ ನಮ್ಮ ಮಂದಿಗೆ ಗೊತ್ತಿರುವ ಕಾಯಿಲೆ ಒಂದೇ, ಪಿತ್ತ. ಎದೆ ಉರಿದರೂ ಪಿತ್ತ, ತಲೆ ಸುತ್ತಿದರೂ ಪಿತ್ತ. ಔಷಧವೂ ಒಂದೇ, ಸೋಡಾ. ಮಹದೇವಪ್ಪನೂ ಸೋಡಾ ಕುಡಿದೇ ಮನೆಗೆ ಹೋಗಿದ್ದ.

ಮಹದೇವಪ್ಪ ಭಾನುವಾರದ ಸಾಫ್ಟ್‌ಬಾಲ್ ತಂಡದ ಕ್ಯಾಚರ್, ಬ್ಯಾಟು ಬೀಸುವವನ ಹಿಂದೆ ಕೂತು ಚೆಂಡು ಹಿಡಿಯುವವನು. ಕಾರ್ಖಾನೆಗಳಲ್ಲಿ ದುಡಿಯುವ ಉತ್ತರ ಕರ್ನಾಟಕದವರು ವಾರಕ್ಕೊಮ್ಮೆ ಮೈದಾನದಲ್ಲಿ ಸೇರಿ ಆಡುತ್ತಾರೆ. ಗೆದ್ದರೂ ಮಿರ್ಚಿ ಭಜಿ, ಸೋತರೂ ಮಿರ್ಚಿ ಭಜಿ. ಈ ತಂಡಕ್ಕೊಂದು ಪದ್ಧತಿಯಿತ್ತು. ಆಟದ ನಡುವೆ ದಣಿದು ಕೂತವನಿಗೆ ಹೆಗಲ ಮೇಲೆ ಟವೆಲ್ ಹಾಕಿ, "ಬೀಗರು ಬಂದಾರ, ಚಾ ಕೊಡ್ರಿ!" ಎಂದು ವಾರವಿಡೀ ಕಾಡುವುದು. ಆ ಮರ್ಯಾದೆ ಯಾರಿಗೂ ಬೇಡ. ಅದಕ್ಕೇ ಮಹದೇವಪ್ಪ ಅವತ್ತು ಎದೆ ಒತ್ತಿಕೊಂಡೇ ಆಟ ಮುಗಿಸಿದ. ಸಂಜೆ ಹೃದಯಾಘಾತವಾಗಿ ತೀರಿಕೊಂಡ.

ಅದೇ ತಂಡದ ಈರಣ್ಣನಿಗೆ ನಂಬಿಕೆಯೇ ಬರಲಿಲ್ಲ. ಎಷ್ಟೋ ವರ್ಷಗಳಿಂದ ಜೊತೆಗೆ ಆಡಿದವನು, ಆದರೂ ಅವನ ಮನೆ ನೋಡಿದ್ದು ಮಣ್ಣಿಗೆ ಹೋದಾಗಲೇ. ಅವನಿಗೆ ಅಷ್ಟು ಸಣ್ಣ ಮಗಳಿದ್ದಾಳೆಂದು ತಿಳಿದದ್ದೂ ಆಗಲೇ.

ಕೆಲವು ವಾರ ಕಳೆದವು. ಒಂದು ಭಾನುವಾರ ಈರಣ್ಣ ಚೆಂಡನ್ನು ದೂರ ಬಾರಿಸಿ ಓಡಿದ. ಓಡಿ ಮುಟ್ಟಬೇಕಾದ ಎರಡನೇ ಗುರುತು, ಎರಡನೇ ಬೇಸ್, ತಲುಪುವಷ್ಟರಲ್ಲಿ ಎದೆಯ ಮೇಲೆ ರುಬ್ಬುಗುಂಡು ಇಟ್ಟಂತಾಯಿತು. ಎಡಗೈ ಸೆಳೆಯತೊಡಗಿತು, ಮೈಯೆಲ್ಲ ತಣ್ಣನೆಯ ಬೆವರು.

"ಏನಾತೋ ಈರಣ್ಣ?" ಎಂದು ಗೆಳೆಯ ಮಾಂತು ಓಡಿ ಬಂದ.

"ಏನಿಲ್ಲೋ, ಪಿತ್ತ. ಒಂದ್ ಸೋಡಾ ಕುಡದ್ರ ಆತು."

ಮಾಂತುವಿನ ಹೆಂಡತಿ ರೇಣು ಆಸ್ಪತ್ರೆಯಲ್ಲಿ ನರ್ಸ್. ಆಟ ನೋಡಲು ಬಂದವಳು ನೇರವಾಗಿ ಮೈದಾನದ ಒಳಗೇ ಬಂದಳು. "ಈರಣ್ಣಾರ, ಮೊದ್ಲ ಕುಂದರ್ರಿ."

"ಕುಂತ್ರ ಬೀಗ ಅಂತಾರವ್ವ ತಂಗಿ!"

"ಅನ್ಲಿ ಬಿಡ್ರಿ. ಎದಿ ಬಿಗದದ, ಕೈ ಸೆಳೀತದ, ತಣ್ಣನ ಬೆವರು ಬಂದದ. ಇದು ಹೃದಯದ್ದೇ ಇರಬಹುದು. ಪಿತ್ತ ಅಂತ ಇಸಿಜಿ ಹೇಳ್ಲಿ, ಸೋಡಾ ಅಂಗಡಿಯಾವ ಹೇಳೂದು ಬ್ಯಾಡ."

"ಬೈಕ್ ಮ್ಯಾಲೆ ಒಯ್ಯಲೇನು?" ಮಾಂತು ಕೇಳಿದ.

"ಬ್ಯಾಡ. 108ಕ್ಕ ಫೋನ್ ಹಚ್ಚು. ಅವರನ್ನ ನಡಸಬ್ಯಾಡ್ರಿ."

ಈರಣ್ಣನ ಹೆಂಡತಿ ಶಿವಬಸವ್ವನಿಗೂ ಫೋನ್ ಹೋಯಿತು. ಅವಳು ಒಪ್ಪುವವಳೇ? "ಅವರಿಗೆ ಪಿತ್ತ ದಿನಾ ಇರ್ತದ ರೇಣು. ಮನೀಗೆ ಕಳಸು, ಓಮಿನಕಾಳು ಕೊಡ್ತೀನಿ."

"ಅಕ್ಕಾ, ಮಹದೇವಪ್ಪನ ಮನ್ಯಾಗೂ ಅದನ್ನ ಕೊಟ್ಟಿದ್ರು."

ಶಿವಬಸವ್ವ ಓಮಿನಕಾಳಿನ ಮಾತು ಅಲ್ಲಿಗೇ ಬಿಟ್ಟಳು. "ಯಾವ ದವಾಖಾನಿ? ನಾ ಅಲ್ಲೇ ಬರ್ತೀನಿ," ಎಂದಳು.

ಈರಣ್ಣ ಮಹದೇವಪ್ಪ ಇರುತ್ತಿದ್ದ ಕ್ಯಾಚರ್ ಜಾಗವನ್ನು ಒಮ್ಮೆ ನೋಡಿದ. ನಾಚಿಕೆ ಬದಿಗಿಟ್ಟು ಕೂತುಬಿಟ್ಟ. ಮಾಂತು ಅವನ ಬೆವರು ಒರೆಸಿ ಟವೆಲನ್ನು ಹೆಗಲ ಮೇಲೆ ಹಾಕಿದ. ಯಾರೂ ನಗಲಿಲ್ಲ.

ಆಂಬುಲೆನ್ಸ್ ಬಂತು. ಆಸ್ಪತ್ರೆಯಲ್ಲಿ ಇಸಿಜಿ ಮಾಡಿದಾಗ ಹೃದಯಾಘಾತ ಶುರುವಾಗಿದ್ದು ಗೊತ್ತಾಯಿತು. ಕಟ್ಟಿಕೊಂಡಿದ್ದ ರಕ್ತನಾಳವನ್ನು ತೆರೆದು, ಮತ್ತೆ ಮುಚ್ಚದಂತೆ ಸ್ಟೆಂಟ್ ಎಂಬ ಸಣ್ಣ ಜಾಲರಿ ಹಾಕಿದರು. "ವೇಳೇವರ್ ಆಲಾತ," ಎಂದರು ಡಾಕ್ಟರು ಮರಾಠಿಯಲ್ಲಿ. ಸರಿಯಾದ ಹೊತ್ತಿಗೆ ಬಂದಿರಿ ಎಂದು ಅದರರ್ಥ. ಶಿವಬಸವ್ವ ರೇಣುವಿನ ಕೈ ಹಿಡಿದುಕೊಂಡು ಅತ್ತೇಬಿಟ್ಟಳು. "ಇನ್ನ ನಮ್ಮ ಮನ್ಯಾಗ ಓಮಿನಕಾಳು ಚಕ್ಕುಲಿಗೆ ಅಷ್ಟ," ಎಂದಳು.

ಮುಂದಿನ ಭಾನುವಾರ ರೇಣು ಮೈದಾನಕ್ಕೇ ಬಿಪಿ ಮಷಿನ್ ತಂದಳು. ಎಲ್ಲರಿಗಿಂತ ಜೋರಾಗಿ ನಗುವ ಮಾಂತುವಿಗೇ ಬಿಪಿ ಹೆಚ್ಚಿತ್ತು! ಈಗ ಅವನು ಮಾತ್ರೆ ನುಂಗುತ್ತಾನೆ, ಭಜಿಯ ಕಡೆ ಆಸೆಯಿಂದ ನೋಡುತ್ತಾನೆ.

ಮೈದಾನದ ಅಂಚಿನಲ್ಲಿ ಈಗ ಒಂದು ಕುರ್ಚಿ ಇದೆ. ಯಾರಿಗೆ ಆಯಾಸವಾದರೂ ಬಂದು ಕೂರಬೇಕು, ಉಳಿದವರು ಆಟ ನಿಲ್ಲಿಸಿ ವಿಚಾರಿಸಬೇಕು. ಡಾಕ್ಟರು ಆಡಲು ಬಿಡುವ ತನಕ ಈರಣ್ಣ ಅದರಲ್ಲಿ ಕೂತು ಚಹಾ ಕುಡಿಯುತ್ತಾನೆ. "ಈ ಕುರ್ಚಿ ನಿನಗ ಹಾಕಬೇಕಿತ್ತೋ ಮಹದೇವಪ್ಪ," ಎಂದು ಒಮ್ಮೊಮ್ಮೆ ತನ್ನಷ್ಟಕ್ಕೇ ಅನ್ನುತ್ತಾನೆ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಎದೆ ಬಿಗಿದರೆ, ಕೈ, ದವಡೆ ಅಥವಾ ಬೆನ್ನು ಸೆಳೆದರೆ, ಉಸಿರು ಕಟ್ಟಿದರೆ, ತಣ್ಣಗೆ ಬೆವರಿದರೆ, ಇದ್ದಲ್ಲೇ ಕುಳಿತುಕೊಳ್ಳಿ, 108ಕ್ಕೆ ಕರೆ ಮಾಡಿ. ಬಿಪಿ, ಸಕ್ಕರೆ ಆಗಾಗ ಪರೀಕ್ಷೆ ಮಾಡಿಸಿಕೊಳ್ಳಿ. ನಿಮ್ಮ ಜೊತೆಗಾರ ಆಟದ ನಡುವೆ ಕೂತರೆ ನಗಬೇಡಿ, ಹತ್ತಿರ ಹೋಗಿ ಏನಾಯಿತೆಂದು ಕೇಳಿ.