ಕರಿ ನಾಲ್ಕರ ಶ್ರುತಿ

ಗಂಡ ಚನ್ನಬಸಪ್ಪ ತೀರಿಕೊಂಡು ವರ್ಷ ಕಳೆದ ಮೇಲೆ ಸರುಬಾಯಿ ಬಸವಕಲ್ಯಾಣದ ತಮ್ಮ ಓಣಿಯ ಸೋಮವಾರದ ಭಜನೆಗೆ ಮತ್ತೆ ಹೋದಳು. ಆ ಮೇಳ ಕಟ್ಟಿದವನೇ ಚನ್ನಬಸಪ್ಪ. ಅವನು ಹಾರ್ಮೋನಿಯಂ ಹಿಡಿದು ಹಾಡುತ್ತಿದ್ದ, ಅವಳು ದನಿ ಕೂಡಿಸುತ್ತಿದ್ದಳು. ಈಗ ಅವನ ಜಾಗದಲ್ಲಿ ಶಿಷ್ಯ ದಿಲೀಪ ಕೂತಿದ್ದ.

ತತ್ವಪದದ ಎರಡನೇ ಸಾಲಿಗೇ ಅವಳ ದನಿ ಒಡೆಯಿತು. ಕೆಮ್ಮಿ ಮತ್ತೆ ಎತ್ತಿಕೊಂಡಳು. ಮತ್ತೆ ಒಡೆಯಿತು.

"ರೂಢಿ ತಪ್ಪ್ಯಾದ್ರಿ ಕಾಕಿ, ಬರ್ತದ" ಎಂದ ದಿಲೀಪ.

ಬರಲಿಲ್ಲ. ಆದರೆ ಮನೆಯಲ್ಲಿ ರೊಟ್ಟಿ ಬಡಿಯುತ್ತ ಅದೇ ಪದ ಹಾಡಿದರೆ ದನಿ ಸಲೀಸಾಗಿ ಹರಿಯುತ್ತಿತ್ತು. ಕೆಲವು ಸೋಮವಾರ ಒದ್ದಾಡಿದ ಮೇಲೆ ಅವಳಿಗೆ ಹೊಳೆಯಿತು. ದಿಲೀಪ ಹಿಡಿಯುತ್ತಿದ್ದದ್ದು ಗಂಡನ ಶ್ರುತಿ, ಹಾರ್ಮೋನಿಯಂನ ಕಪ್ಪು ಕೀಲಿಗಳಲ್ಲಿ ನಾಲ್ಕನೆಯದು, ಕರಿ ನಾಲ್ಕು. ಅವನ ಎತ್ತರದ ಕಂಠಕ್ಕೆ ಅದು ಸರಿ. ಅವಳಿಗೆ ಎಂದೂ ಸರಿಯಿರಲಿಲ್ಲ. "ನಿಂದು ದನಿ ಜರಾ ಕಮ್ಮಿ ಬೀಳ್ತದ ನೋಡು" ಎಂದು ಅವನು ಅನ್ನುತ್ತಿದ್ದ. ಅದನ್ನು ನಂಬಿ ಅವಳು ಇಷ್ಟು ವರ್ಷ ಮೆಣಸು, ಕಲ್ಲುಸಕ್ಕರೆ ಚಪ್ಪರಿಸಿದ್ದಳು. ನೆನೆದರೆ ಮೈ ಉರಿಯಿತು.

"ಕರಿ ಎರಡಕ್ಕ ಹಿಡಿಯಪ್ಪ. ಅಷ್ಟು ಎತ್ತರ ನನಗ ನಿಲಕಂಗಿಲ್ಲ" ಎಂದಳು ಮುಂದಿನ ವಾರ.

"ಹ್ಯಾಂಗ್ರಿ ಕಾಕಿ? ಇದು ಕಾಕಾನ ಶ್ರುತಿ."

"ಕಾಕಾ ಈಗ ಹಾಡಾಕತ್ತಿಲ್ಲ. ನಾ ಹಾಡಾಕತ್ತೇನಿ."

ಸತ್ತವನನ್ನು ಬೈದಳೇನೋ ಎಂಬಂತೆ ಎಲ್ಲರೂ ಅವಳ ಕಡೆ ತಿರುಗಿದರು. "ಅವರ ನೆನಪಿಗರ ಇರ್ಲಿ ಬಿಡು, ಸರೂ" ಎಂದಳು ತಾಳ ಹಾಕುವ ಧೂಳಮ್ಮ. ಅವಳಿಗೂ ಅರ್ಥವಾಗದ್ದು ಸರುಬಾಯಿಗೆ ಇನ್ನಷ್ಟು ಸಿಟ್ಟು ತಂದಿತು.

ಹುಮನಾಬಾದಿನಲ್ಲಿ ಸತೀಶಕುಮಾರ ಎಂಬವರ ಹೊಸ ಮನೆಯ ಪ್ರವೇಶಕ್ಕೆ ಮೇಳವನ್ನು ಕರೆದರು. ಎರಡಕ್ಕೇ ಹಿಡಿಯುತ್ತೇನೆಂದು ದಿಲೀಪ ಜೀಪಿನಲ್ಲಿ ಒಪ್ಪಿಕೊಂಡ. ಜನರ ಮುಂದೆ ಕೂತಾಗ ಅವನ ಬೆರಳು ಮತ್ತೆ ನಾಲ್ಕಕ್ಕೇ ಹೋಯಿತು.

ಸರುಬಾಯಿ ಸಾಲಿನ ನಡುವೆಯೇ ನಿಲ್ಲಿಸಿದಳು. ಹಾರ್ಮೋನಿಯಂನ ತಿದಿಯನ್ನು ಅಂಗೈಯಿಂದ ಒತ್ತಿ ಮುಚ್ಚಿದಳು. ಆಮೇಲೆ ಒಬ್ಬಳೇ, ತನ್ನ ದನಿಗೆ ಹೊಂದುವ ಶ್ರುತಿಯಲ್ಲಿ ಹಾಡತೊಡಗಿದಳು. ಒಂದು ನುಡಿ ಮರೆತು ಹಿಂದಿನದನ್ನೇ ಎರಡು ಸಲ ಹಾಡಿದಳು. ದನಿ ಅಲ್ಲಲ್ಲಿ ನಡುಗಿತು, ಒಡೆಯಲಿಲ್ಲ. ಅರ್ಧಕ್ಕೆ ಧೂಳಮ್ಮನ ತಾಳ ಬಂದು ಕೂಡಿತು. ದಿಲೀಪ ಕೈಕಟ್ಟಿ ಕೂತೇ ಇದ್ದ.

ಮುಗಿದಾಗ ಯಾರೂ ಚೆನ್ನಾಗಿತ್ತು ಅನ್ನಲಿಲ್ಲ. ಮನೆಯವರು ಊಟಕ್ಕೆ ಎಬ್ಬಿಸಿದರು.

ವಾಪಸು ಬರುವಾಗ ಅವಳಿಗೆ ಗಂಡನೊಡನೆ ಮನಸಾರೆ ಜಗಳಾಡಬೇಕೆನಿಸಿತು. ನಿನಗೆಷ್ಟಕ್ಕೆ ಹಿಡಿಯಲಿ ಎಂದು ಒಮ್ಮೆಯಾದರೂ ಯಾಕೆ ಕೇಳಲಿಲ್ಲ ಎಂದು. ತಾನೇ ಕೇಳಿದ್ದರೆ ಅವನು ಆ ಶ್ರುತಿ ಕೊಡುತ್ತಿದ್ದ, ಅದೂ ಅವಳಿಗೆ ಗೊತ್ತಿತ್ತು.

ರಾಜೇಶ್ವರದಲ್ಲಿ ಚಹಾಕ್ಕೆ ಇಳಿದರು. ದಿಲೀಪ ಅವಳ ಕಪ್ಪನ್ನು ತಾನೇ ತಂದುಕೊಟ್ಟ. "ಸೋಮವಾರ ಬರ್ತೀರಲ್ರಿ ಕಾಕಿ?"

"ಎರಡಕ್ಕ ಹಿಡಿತಿಯೇನು?"

"ನೋಡೋಣ್ರಿ."

"ನೋಡೋದೇನಿಲ್ಲ" ಎಂದಳು ಸರುಬಾಯಿ. "ನೀ ಹಿಡಿ, ಬಿಡು. ನಾ ಬಂದು ಎರಡಕ್ಕ ಹಾಡ್ತೀನಿ."