ಸುಲಿಯುವವರ ಕೈ

ಕ್ಯಾತಣ್ಣನ ಮನೆತನದವರ ಅಂಗೈ ಹಳದಿಗಟ್ಟಿ, ದಪ್ಪವಾಗಿ, ಹಳೆ ಚಪ್ಪಲಿಯ ಅಟ್ಟೆಯಂತೆ ಗಟ್ಟಿಯಾಗಿರುತ್ತದೆ ಎಂಬುದು ಶೆಟ್ಟಿಕೆರೆ ಸುತ್ತಿನ ಗೊಲ್ಲರಹಟ್ಟಿಗಳಿಗೆಲ್ಲ ಗೊತ್ತಿತ್ತು. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಿದ ತೆಂಗಿನಕಾಯಿಯನ್ನು ಇಳಿಸಿ, ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಒತ್ತಿ ಸಿಪ್ಪೆ ಸುಲಿಯುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಕೈ ಹಾಗಾದದ್ದು ಕೆಲಸದಿಂದಲೇ ಎಂದು ಎಲ್ಲರೂ ತಿಳಿದಿದ್ದರು. ಸಂಬಂಧ ನೋಡುವಾಗ ಆ ಕೈ ಒಂದು ಯೋಗ್ಯತೆಯೂ ಆಗಿತ್ತು. ಕ್ಯಾತಣ್ಣನ ತಂಗಿ ಪುಟ್ಟಕ್ಕ ತನ್ನ ಮಗ ಓಬಳೇಶನಿಗೆ ಅಣ್ಣನ ಮಗಳು ಶಶಿರೇಖಾಳನ್ನು ಕೇಳಲು ಬಂದ ದಿನ, ಇಬ್ಬರ ಅಂಗೈಗಳನ್ನೂ ಪಕ್ಕಪಕ್ಕ ಇಟ್ಟು, "ನೋಡ್ರಪ್ಪ, ಒಂದೇ ಮರದ ಕಾಯಿ" ಎಂದಿದ್ದಳು. ಅವತ್ತೇ ವೀಳ್ಯ ಬದಲಾಯಿಸಿದ್ದರು.

ಮದುವೆಗೆ ಹದಿನೆಂಟು ದಿನ ಉಳಿದಿದ್ದಾಗ, 2003ರ ಫೆಬ್ರವರಿಯಲ್ಲಿ, ಶಶಿರೇಖಾ ಬೆಂಗಳೂರಿನ ಕ್ಯಾನ್ಸರ್ ಆಸ್ಪತ್ರೆಗೆ ಹೋದಳು. ಒಂದೂವರೆ ವರ್ಷದ ಹಿಂದೆ ಕ್ಯಾತಣ್ಣ ಅನ್ನನಾಳದ ಕ್ಯಾನ್ಸರಿನಿಂದ ತೀರಿಕೊಂಡದ್ದು ಅಲ್ಲೇ. ಆಗ ಕಾಗದಪತ್ರಗಳಿಗೆ ಸಹಿ ಹಾಕುತ್ತಿದ್ದ ಮಗಳ ಕೈಯನ್ನು ಗಮನಿಸಿದ್ದ ಡಾಕ್ಟರಮ್ಮ ಎರಡು ಸಲ ಕಾಗದ ಬರೆದು ಕರೆದಿದ್ದರು.

"ಕಾಯಿ ಸುಲಿಯೋದು ಬಿಟ್ಟು ಎಷ್ಟು ವರ್ಷ ಆಯ್ತು?" ಎಂದು ಡಾಕ್ಟರಮ್ಮ ಕೇಳಿದರು.

"ಆರು ವರ್ಷ ಮೇಡಂ. ಈಗ ಚಿಕ್ಕನಾಯಕನಹಳ್ಳೀಲಿ ಹೊಲಿಗೆ ಅಂಗಡಿ ಇಟ್ಟಿದೀನಿ."

"ಕೆಲಸದಿಂದ ಬಂದ ಜಡ್ಡು ಆರು ವರ್ಷ ಇರಲ್ಲಮ್ಮ." ಪಾದ ನೋಡಿದರು. ಬಾಯಿ ತೆರೆಸಿ ಕೆನ್ನೆಯ ಒಳಭಾಗದ ಬಿಳಿ ಮಚ್ಚೆಗಳನ್ನೂ ನೋಡಿದರು. ಆಮೇಲೆ ನಿಧಾನವಾಗಿ ಹೇಳಿದರು. ಮೈಯ ಜೀವಕೋಶಗಳು ಅಂಕೆ ಮೀರಿ ಬೆಳೆಯದಂತೆ ತಡೆಯುವ ಜೀನುಗಳಿವೆ. ಅವು ಕೆಟ್ಟರೆ ಬಾಯಿ, ಮೊಲೆ, ಕರುಳು, ಎಲ್ಲಿ ಬೇಕಾದರೂ ಗೆಡ್ಡೆ ಹುಟ್ಟಬಹುದು. ಕ್ಯಾತಣ್ಣನ ಗೆಡ್ಡೆಯಲ್ಲಿ ಪಿ53 ಎಂಬ ಅಂಥದೊಂದು ಜೀನು ಕೆಟ್ಟಿತ್ತು; ಅದು ಗೆಡ್ಡೆಯಲ್ಲಿ ಮಾತ್ರ ಆದ ಬದಲಾವಣೆ, ಮಕ್ಕಳಿಗೆ ಬರುವುದಲ್ಲ. ಬರುವುದು ಬೇರೆ ಇದೆ: ಅಂಗೈ ದಪ್ಪ ಮಾಡಿ, ಮುಂದೆ ಅನ್ನನಾಳದಲ್ಲಿ ಗೆಡ್ಡೆ ತರುವ ಇನ್ನೊಂದು ಜೀನು. ಅದು, ಪಿ53 ಇರುವ ಹದಿನೇಳನೆಯ ವರ್ಣತಂತುವಿನ ಇನ್ನೊಂದು ತೋಳಿನಲ್ಲಿ ಎಲ್ಲೋ ಇದೆ ಎಂದು ಗೊತ್ತಾಗಿದೆ. ಯಾವುದೆಂದು ಇನ್ನೂ ಸಿಕ್ಕಿಲ್ಲ. ಆದ್ದರಿಂದ ರಕ್ತ ಪರೀಕ್ಷೆಯೂ ಇಲ್ಲ. ಅಂಗೈಯೇ ಗುರುತು.

"ಇಂಗ್ಲೆಂಡಿನ ಒಂದು ಮನೆತನದಲ್ಲಿ ಈ ಕೈ ಇದ್ದವರಲ್ಲಿ ನೂರಕ್ಕೆ ತೊಂಬತ್ತರ ಮೇಲೆ ಜನಕ್ಕೆ ಕ್ಯಾನ್ಸರ್ ಬಂದಿದೆ. ನಿಮ್ಮಲ್ಲೂ ಅಷ್ಟೇ ಅಂತ ಹೇಳೋಕೆ ನನ್ನ ಹತ್ರ ಆಧಾರ ಇಲ್ಲ. ವರ್ಷಕ್ಕೊಮ್ಮೆ ಗಂಟಲಲ್ಲಿ ನಳಿಗೆ ಇಳಿಸಿ ನೋಡ್ತಾ ಇದ್ದರೆ ಬೇಗ ಹಿಡೀಬಹುದು."

"ಮಕ್ಕಳಿಗೆ?"

"ಅರ್ಧಕ್ಕರ್ಧ."

"ಗಂಡನ ಕೈಯೂ ಹೀಗೇ ಇದ್ರೆ?"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ನಾಲ್ಕರಲ್ಲಿ ಮೂರು. ಅದರಲ್ಲೂ ಒಂದು ಮಗುವಿಗೆ ಎರಡೂ ಕಡೆಯಿಂದ ಕೆಟ್ಟದ್ದೇ ಬರುತ್ತೆ. ಅಂಥ ಮಗುವಿನ ಬಗ್ಗೆ ನಾನು ಎಲ್ಲೂ ಓದಿಲ್ಲ. ಏನಾಗುತ್ತೆ ಅಂತ ನನಗೆ ಗೊತ್ತಿಲ್ಲ."

ಊರಿಗೆ ಮರಳುವ ಬಸ್ಸಿನಲ್ಲಿ ಶಶಿರೇಖಾ ಓಬಳೇಶನ ಲೆಕ್ಕ ಹಾಕಿದಳು. ಅವನ ಕೈ ದಪ್ಪ. ಆದರೆ ಅವನು ಈಗಲೂ ದಿನವಿಡೀ ಕಾಯಿ ಸುಲಿಯುತ್ತಾನೆ. ಪಾದ ಗಟ್ಟಿ, ಆದರೆ ಬರಿಗಾಲಲ್ಲೇ ಓಡಾಡುತ್ತಾನೆ. ಬಾಯಲ್ಲಿ ಮಚ್ಚೆ ಇದ್ದರೂ ಎಲೆ ಅಡಿಕೆ ಹೊಗೆಸೊಪ್ಪಿನದ್ದು ಎನ್ನಬಹುದು. ಅತ್ತೆಯ ಕೈ ಹಾಗೇ ಇದೆ, ನಿಜ. ಅತ್ತೆಯಿಂದ ಅವನಿಗೆ ಬಂದಿದೆಯೋ ಇಲ್ಲವೋ ಎನ್ನುವುದು ಮಾತ್ರ ಅವನ ಕೆಲಸದ ಕೆಳಗೆ ಮುಚ್ಚಿಹೋಗಿತ್ತು.

ಮಾರನೆಯ ದಿನ ಅವಳು ಕಿಬ್ಬನಹಳ್ಳಿಗೆ ಹೋದಳು. ಹೆದ್ದಾರಿ ಪಕ್ಕದ ಕೊಬ್ಬರಿ ಮಂಡಿಯ ಹಿಂದೆ, ಸಿಪ್ಪೆಯ ರಾಶಿಗಳ ನಡುವೆ ಓಬಳೇಶ ಒಬ್ಬನೇ ಸುಲಿಯುತ್ತಿದ್ದ.

"ಏನೇ ಶಶಿ, ಮದ್ವೆಗ್ ಮುಂಚೇನೇ ಗಂಡನ್ ನೋಡಾಕ್ ಬಂದ್ಯಾ? ಹಟ್ಟೀಲಿ ಗೊತ್ತಾದ್ರೆ ನನ್ ಮರ್ವಾದೆ ಏನಾಯ್ತದೆ?"

"ನಿನ್ ಮರ್ವಾದೆ ಯಾವಾಗ್ಲೋ ಹೋಯ್ತು, ಬುಡು. ಭಾವ, ಒಂದ್ ಮಾತ್ ಕೇಳ್ತೀನಿ. ನಿನ್ ಕೈ ಯಾವಾಗಿಂದ ಹಿಂಗೈತೆ?"

ಅವನು ನಕ್ಕ. "ಈ ಕೈ ನನ್ನ ಕಾಪಾಡೈತೆ ಕಣೇ. ಎರಡ್ನೇ ಕ್ಲಾಸ್ನಾಗೆ ಹನುಮಂತಯ್ಯ ಮೇಷ್ಟ್ರು ಮಗ್ಗಿ ಬರ್ಲಿಲ್ಲ ಅಂತ ಕೈ ನೀಡ್ಸಿ ಬೆತ್ತದಾಗೆ ಬುಟ್ರು. ನಾನು ಅಳ್ಲೇ ಇಲ್ಲ. ಇನ್ನೊಂದ್ ಬುಟ್ರು. ಊಹೂಂ. ಆಮೇಲ್ ಕೈ ಹಿಡ್ದು ನೋಡಿ, 'ಈ ವಯಸ್ಗೇ ಎಷ್ಟ್ ಕಾಯಿ ಸುಲೀತೀಯೋ?' ಅಂದ್ರು. ನಾನಿನ್ನೂ ಮೊನೆ ಮುಟ್ಟೇ ಇರ್ಲಿಲ್ಲ! ನಮ್ಮಪ್ಪ ಸತ್ತಮ್ಯಾಕೆ ತಾನೆ ಸುಲಿಯಾಕ್ ನಿಂತಿದ್ದು, ಹನ್ನೊಂದ್ ವರ್ಷಕ್ಕೆ. ಆದ್ರೂ 'ದಿನಾ ಐವತ್ ಸಾರ್' ಅಂದ್ಬುಟ್ಟೆ. ಪಾಪ, ಅವತ್ತಿಂದ ಬೆತ್ತಾನೇ ಎತ್ಲಿಲ್ಲ."

ಕೆಲಸಕ್ಕೆ ಮುಂಚೆಯೇ ಇದ್ದ ಕೈ. ಶಶಿರೇಖಾ ನಗಲಿಲ್ಲ. ಅವನ ನಗುವೂ ತಾನಾಗಿಯೇ ನಿಂತಿತು. ಸಿಪ್ಪೆಯ ಮೇಲೆ ಕುಳಿತು, ಡಾಕ್ಟರಮ್ಮ ಹೇಳಿದ್ದನ್ನು ಅದೇ ಕ್ರಮದಲ್ಲಿ, ಏನೂ ಬಿಡದೆ ಏನೂ ಸೇರಿಸದೆ ಹೇಳಿದಳು. ಅವನು ಅರ್ಧ ಸುಲಿದ ಕಾಯಿಯನ್ನು ಕೈಯಲ್ಲಿ ತಿರುಗಿಸುತ್ತ ಕೇಳಿದ.

"ಅಂಗಾರೆ ನಮ್ಮವ್ವಂಗೂ?" ಎಂದ ಕೊನೆಗೆ.

"ಅತ್ತೇನೂ ತೋರಿಸ್ಬೇಕು. ನೀನೂ."

"ಯಾರ್ಗೂ ಹೇಳಾದ್ ಬ್ಯಾಡ. ಮದ್ವೆ ಆಗಾನ. ಮಕ್ಳು ಬ್ಯಾಡ ಅಂತ ಇದ್ಬುಡಾನ."

"ವರ್ಷದೊಳಗೆ ಅತ್ತೆ ಯಾಕಿಲ್ಲ ಅಂತದೆ. ಎರಡ್ನೇ ವರ್ಷ ನಿಂಗೆ ಇನ್ನೊಂದ್ ಹೆಣ್ಣು ನೋಡ್ತದೆ. ಇಲ್ಲ ಅಂತೀಯಾ?"

ಅವನು ಕಾಯಿಯನ್ನು ಕೆಳಗಿಟ್ಟ. "ನಿಜ ಹೇಳ್ಬುಟ್ರೆ?"

"ವನಜಾನ ಯಾರ್ ತಗಂತಾರೆ, ಭಾವ?"

ವನಜಾ ಅವಳ ತಂಗಿ. ಇಪ್ಪತ್ತು ವರ್ಷ, ಹೂವಿನಂಥ ಅಂಗೈ. ಅವಳಿಗೆ ಆ ಜೀನು ಬಂದಿಲ್ಲವೆಂದು ಡಾಕ್ಟರಮ್ಮ ನಂಬಬಹುದು, ಹಟ್ಟಿ ನಂಬುವುದಿಲ್ಲ. ಶಶಿರೇಖಾ ಒಂದು ಒಪ್ಪಂದ ಮಾಡಿಕೊಂಡಳು: ಬೇಡ ಎನ್ನುವುದು ತಾನು, ಕಾರಣ ಹೇಳುವುದಿಲ್ಲ, ಬೈಗುಳವೆಲ್ಲ ತನಗಿರಲಿ, ಬದಲಿಗೆ ಅವನು ಸೋಮವಾರ ಆಸ್ಪತ್ರೆಗೆ ಬರಬೇಕು. ಓಬಳೇಶ ಹೂಂ ಎಂದ.

ಮೂರನೆಯ ದಿನ ಬೆಳಿಗ್ಗೆ ಹಟ್ಟಿ ಯಜಮಾನ ಹುಚ್ಚರಂಗಯ್ಯನ ಜಗಲಿಯಲ್ಲಿ ಎರಡೂ ಮನೆಯವರು ಸೇರಿದರು.

"ಏನವ್ವ, ಹುಡುಗನ್ತಾವ ಏನ್ ಐಬು ಕಂಡೆ?" ಎಂದು ಹುಚ್ಚರಂಗಯ್ಯ ಕೇಳಿದ.

"ಐಬಿಲ್ಲ. ನಂಗೆ ಬ್ಯಾಡ."

"ಕುಡೀತಾನಾ? ಹೊಡೆದ್ನಾ?"

"ಇಲ್ಲ."

"ಮಿಷನ್ ತುಳಿದು ನಾಕ್ ಕಾಸ್ ಕಂಡವ್ಳೆ, ಅದು ತಲೆಗೇರೈತೆ!" ಪುಟ್ಟಕ್ಕ ಎದ್ದು ನಿಂತಳು. "ಸುಲಿಯೋನ್ ಕೈ ಇವ್ಳಿಗೆ ಚುಚ್ತದಂತೆ. ನಿಮ್ಮಪ್ಪನ್ ಕೈ ಏನ್ ಮಲ್ಲಿಗೆ ದಂಡೆಯಾಗಿತ್ತೇನೇ?"

ಶಶಿರೇಖಾ ಸೆರಗಿನೊಳಗೆ ಕೈ ಮುಚ್ಚಿಕೊಂಡು ನಿಂತಳು. ಹೇಳಬಹುದಾದ ಮಾತು ಬಾಯಿ ತುಂಬ ಇತ್ತು.

ಹುಚ್ಚರಂಗಯ್ಯ ಗಂಟಲು ಸರಿಮಾಡಿಕೊಂಡ. "ಕಾರಣ ಇಲ್ದೆ ವೀಳ್ಯ ಮುರಿದ ಮನೆಗೆ ಇನ್ನೊಬ್ರು ವೀಳ್ಯ ತಗಂಡ್ ಬರಾಕಿಲ್ಲ. ನಿನ್ ಹಿಂದೆ ತಂಗಿ ಅವ್ಳೆ. ಯೋಚ್ನೆ ಮಾಡಿದ್ಯಾ?"

ಅದನ್ನು ಅವಳು ಯೋಚಿಸಿರಲಿಲ್ಲ. ನಿಜ ಹೇಳಿದರೆ ವನಜಾ ಮದುವೆಯಿಲ್ಲದೆ ಕೂರುತ್ತಾಳೆ, ಹೇಳದಿದ್ದರೂ ಕೂರುತ್ತಾಳೆ. ಕಂಬಕ್ಕೊರಗಿದ್ದ ತಂಗಿ ತನ್ನನ್ನೇ ನೋಡುತ್ತಿದ್ದಳು. ಮದುವೆಗೆ ಒಪ್ಪಿಬಿಡುವ ಮಾತು ಶಶಿರೇಖಾಳ ನಾಲಿಗೆಯ ತುದಿಗೆ ಬಂತು.

"ನಂಗೂ ಬ್ಯಾಡ," ಎಂದ ಓಬಳೇಶ.

ಪುಟ್ಟಕ್ಕ ಮಗನ ಕಡೆ ತಿರುಗಿದಳು. "ಏನಂದೆ?"

"ಮೊದ್ಲು ಬ್ಯಾಡ ಅಂದಿದ್ ನಾನು. ಅದಕ್ಕೇ ಅವ್ಳು ಬ್ಯಾಡ ಅಂದಿದ್ದು. ವೀಳ್ಯ ಮುರಿದಿದ್ ನಮ್ಮನೆ, ಬರ್ಕಳಿ." ಅವನು ಕೈಗಳನ್ನು ಮೊಣಕಾಲ ಮೇಲೆ ಬೋರಲಾಗಿ ಇಟ್ಟುಕೊಂಡಿದ್ದ.

ಪುಟ್ಟಕ್ಕ ಎಲ್ಲರೆದುರಿಗೇ ಅವನ ಕೆನ್ನೆಗೆ ಬಾರಿಸಿದಳು. ಹುಚ್ಚರಂಗಯ್ಯ ತಪ್ಪು ಹುಡುಗನ ಕಡೆಯದು ಎಂದು ಹೇಳಿ ಎದ್ದ. ಇನ್ನು ಮೇಲೆ ಎರಡೂ ಮನೆಯವರು ಒಬ್ಬರ ಹೊಸಿಲು ಒಬ್ಬರು ತುಳಿಯುವಂತಿಲ್ಲ ಎಂದೂ ತೀರ್ಮಾನವಾಯಿತು.

ಜನ ಚದುರುವಾಗ ಓಬಳೇಶ ಅವಳ ಪಕ್ಕದಲ್ಲೇ ದಾಟಿದ. ಕೆನ್ನೆ ಕೆಂಪಾಗಿತ್ತು.

"ಸೋಮಾರ ಬತ್ತೀನಿ. ಅವ್ವನ್ನೂ ಹೆಂಗಾದ್ರೂ ಕರ್ಕಂಡ್ ಬತ್ತೀನಿ," ಎಂದ, ಅವಳತ್ತ ನೋಡದೆ. "ಬಸ್ನಾಗೆ ನೀನ್ ಮುಂದ್ಗಡೆ ಕೂತ್ಕ. ನಾವ್ ಹಿಂದ್ಗಡೆ ಕೂತ್ಕತೀವಿ. ಮಾತಾಡಿಸ್ಬ್ಯಾಡ."

"ಆಸ್ಪತ್ರೇಲಿ?"

"ಅಲ್ಲಿ ನಮ್ಮೋರ್ ಯಾರಿರ್ತಾರೆ ಬುಡು," ಎಂದು ಓಬಳೇಶ ತಾಯಿಯ ಹಿಂದೆ ನಡೆದ.